ಅಮ್ಮ ಕಂಡ ಮದುವೆ

ಅಲೆಕ್ಸಾಂಡ್ರಿಯಾ
6 ನವೆಂಬರ್ 2022

ಅಯಾದ್,

ನಿನ್ನ ವಕೀಲೆ ಹೇಳಿದಳೆಂದು ಪೆನ್ನು ಹಿಡಿದಿದ್ದೇನೆ. ಇಬ್ಬರೂ ಕಾಗದ ಬರೆದುಕೊಳ್ಳಿ, ಲಕೋಟೆಯ ಮೇಲೆ ಅಂಚೆಯ ಮುದ್ರೆ ಬೀಳಲಿ, ಮುಂದೆ ತೋರಿಸಲು ಬೇಕಾಗುತ್ತದೆ ಅಂದಳಂತೆ. ಒಂಬತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಈಗ ಪ್ರೇಮಪತ್ರ ಬರೆಯಬೇಕು, ಅದೂ ವೀಸಾ ಕಚೇರಿಯ ಯಾರೋ ಮೂರನೆಯವನು ಓದಲಿ ಅಂತ. ಆಗಲಿ, ಓದಲಿ. ಸಾಹೇಬರೇ, ನಿಮಗೂ ನಮಸ್ಕಾರ.

ತಿರಸ್ಕಾರದ ಪತ್ರವನ್ನು ಗುರುವಾರದಿಂದ ಓದುತ್ತಿದ್ದೇನೆ. 'ಮದುವೆಯಾಗದ ಜೊತೆಗಾರ್ತಿ'ಯಾಗಿ ಮೆಲ್ಬರ್ನಿಗೆ ನಿನ್ನ ಬಳಿ ಬಂದು ನೆಲೆಸಲು ಕೇಳಿದ್ದೆನಲ್ಲ, ಆಗುವುದಿಲ್ಲವಂತೆ. ನಾವಿಬ್ಬರೂ ಗಂಡಹೆಂಡಿರಂತೆ ಒಂದು ಮನೆಯಲ್ಲಿ ಬಾಳಿದ್ದಕ್ಕೆ ಪುರಾವೆ ಇಲ್ಲವಂತೆ. ಬಾಡಿಗೆ ಕರಾರಿನಲ್ಲಿ ನಿನ್ನ ಹೆಸರೊಂದೇ ಇದೆ. ಕರೆಂಟಿನ ಬಿಲ್ಲು ನಿನ್ನದು. ಫೋಟೋ ಎಲ್ಲದರಲ್ಲೂ ನಮ್ಮಿಬ್ಬರ ನಡುವೆ ಯಾರೋ ಒಬ್ಬರು ನಿಂತಿದ್ದಾರೆ. ಫೋನಿನ ಮಾತುಕತೆಯನ್ನೆಲ್ಲ ಆವತ್ತಾವತ್ತೇ ಅಳಿಸಿದ್ದೇವೆ. ನೀನು ಅಲ್ಲಿಗೆ ಹೋಗುವಾಗ ಕೊಟ್ಟ ಅರ್ಜಿಯಲ್ಲಿ 'ಒಂಟಿ' ಎಂದು ಬರೆದಿದ್ದೆ. ಕೊನೆಯದಾಗಿ, ನಮ್ಮ ಕಟ್ಟಡಕ್ಕೆ ಫೋನ್ ಮಾಡಿ ವಿಚಾರಿಸಿದಾಗ ನಾವಿಬ್ಬರೂ ಅಣ್ಣ-ತಂಗಿ ಎಂದು ಗೊತ್ತಾಯಿತಂತೆ.

ಅದನ್ನು ಓದಿದ್ದೇ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ಬಾಗಿಲು ಕಾಯುವ ಬಶೀರ್ ಚಿಕ್ಕಪ್ಪ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಚಿಕ್ಕಪ್ಪಾ, ನಮ್ಮ ವಿಷಯ ಕೇಳ್ಕೊಂಡು ಯಾರಾದ್ರೂ ಫೋನ್ ಮಾಡಿದ್ರಾ?"

"ಮಾಡಿದ್ಳು ತಾಯಿ, ಯಾರೋ ಹೆಂಗಸು. ಐದನೇ ಮಹಡಿಯ ಗಂಡಸು, ಹೆಂಗಸು ಒಬ್ಬರಿಗೊಬ್ಬರು ಏನಾಗ್ಬೇಕು ಅಂದ್ಳು. ಅಣ್ಣ-ತಂಗಿ ಅಂದೆ. ಖಾತ್ರಿನಾ ಅಂದ್ಳು. ನನ್ನ ಮೂರು ಮಕ್ಕಳ ತಲೆ ಮುಟ್ಟಿ ಹೇಳ್ತೀನಿ, ಒಂದೇ ತಾಯಿ ಹಾಲು ಕುಡಿದೋರು ಅಂದೆ."

"ಅಲ್ಲಾ, ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

ಅವನು ಲೋಟ ಕೆಳಗಿಟ್ಟ. "ಏನ್ ತಾಯಿ ಹಿಂಗಂತೀರಿ? ನಾನೇನು ಕುರುಡನಾ? ಅಣ್ಣ-ತಂಗಿ ಮಾರುಕಟ್ಟೆಯಿಂದ ಬರುವಾಗ ಚೀಲಕ್ಕೆ ಕಿತ್ತಾಡ್ತಾರೆ. ನೀವಿಬ್ರು ಒಂದೇ ಚೀಲದ ಒಂದೊಂದು ಕಿವಿ ಹಿಡ್ಕೊಂಡು ಬರ್ತಿದ್ರಿ. ಬಂದ ವರ್ಷವೇ ಗೊತ್ತಾಯ್ತು. ಫೋನ್ ಮಾಡಿದೋಳು ಪೊಲೀಸಿನ ಕಡೆಯೋಳು ಅಂದ್ಕೊಂಡೆ. ಪ್ರಾಣ ಹೋದ್ರೂ ನಿಮ್ಮನ್ನ ಬಿಟ್ಕೊಡಬಾರ್ದು ಅಂತ ಮಕ್ಕಳ ಮೇಲೆ ಆಣೆ ಹಾಕ್ದೆ. ಸರಿ ಮಾಡಿದ್ನಲ್ವಾ?"

"ಸರಿಯಾಗೇ ಮಾಡ್ದೆ ಚಿಕ್ಕಪ್ಪ" ಅಂದೆ.

ಮದುವೆ ಯಾಕೆ ಆಗಲಿಲ್ಲ ಎಂದು ಸಾಹೇಬರು ಕೇಳಿಯಾರು. ಸಾಹೇಬರೇ, ನನಗೆ ಮದುವೆ ಆಗಿದೆ. ವಸ್ಫಿ ಎಂಬಾತನ ಜೊತೆ, ನಮ್ಮೂರು ಮಿನ್ಯಾದಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ. ಅವನು ನನ್ನ ಮಣಿಕಟ್ಟು ಮುರಿದ ಮೇಲೆ ಮನೆ ಬಿಟ್ಟೆ. ನಮ್ಮವರ ವಿಚ್ಛೇದನ ಚರ್ಚಿನ ಕೈಯಲ್ಲಿದೆ, ಅದು ಮುರಿದ ಮಣಿಕಟ್ಟಿಗೆ ವಿಚ್ಛೇದನ ಕೊಡುವುದಿಲ್ಲ, ಹಾದರಕ್ಕೆ ಕೊಡುತ್ತದೆ. ಹಾದರ ಒಪ್ಪಿಕೊಂಡವಳಿಗೆ ಮತ್ತೆ ಮದುವೆ ಮಾಡಿಸುವುದಿಲ್ಲ. ಈಗ ನೀವೇ ಹೇಳಿ, ನಾನು ಯಾವ ಬಾಗಿಲಿನಿಂದ ಹೊರಗೆ ಬರಬೇಕಿತ್ತು?

ನಮ್ಮ ತಪ್ಪು ಇಷ್ಟೇ ಅಯಾದ್, ನಾವು ಬಹಳ ಚೆನ್ನಾಗಿ ಬಚ್ಚಿಟ್ಟೆವು. ವಕೀಲೆ ಏನಂದಳು, ಬೇಗ ಬರೆ.

ನಿನ್ನ
ದಮ್ಯಾನ


ಮೆಲ್ಬರ್ನ್
24 ನವೆಂಬರ್ 2022

ದಮ್ಯಾನ,

ನಿನ್ನ ಕಾಗದವನ್ನು ವಕೀಲೆಗೆ ಓದಿ ಹೇಳಿದೆ. ಬಶೀರ್ ಚಿಕ್ಕಪ್ಪನ ಆಣೆ ಕೇಳಿ ಆಕೆಗೆ ನಗು ಬಂತು, ಆಮೇಲೆ ಕ್ಷಮೆ ಕೇಳಿದಳು. ಇಲ್ಲಿಯವರಿಗೆ ಇದು ಅರ್ಥವಾಗುವುದಿಲ್ಲ. ನನ್ನ ಪಕ್ಕದ ಮನೆಯ ಮುದುಕಿ ತನ್ನ ಬೆಕ್ಕಿನ ಜೊತೆ ಬಾಳಿದ್ದಕ್ಕೂ ಗೋಡೆ ತುಂಬ ಪುರಾವೆ ಇಟ್ಟುಕೊಂಡಿದ್ದಾಳೆ.

ಮೇಲ್ಮನವಿಗೆ ಹಾದಿ ಇದೆ. ಮಾರ್ಚ್ ಕೊನೆಯೊಳಗೆ ಹೊಸ ಪುರಾವೆ ಕೊಡಬೇಕು. ಸ್ನೇಹಿತರ ಮಾತಿಗೆ ಅಷ್ಟು ತೂಕವಿಲ್ಲ, ರಕ್ತಸಂಬಂಧಿಕರೇ ಬೇಕು, ನಾವಿಬ್ಬರೂ ಇದ್ದ ಮನೆಯನ್ನು ಒಳಗಿನಿಂದ ಕಂಡವರು ಬೇಕು ಎನ್ನುತ್ತಾಳೆ. ನನ್ನ ಕಡೆ ಯಾರೂ ಉಳಿದಿಲ್ಲ, ಇದ್ದ ಒಬ್ಬ ಅಕ್ಕ ನನ್ನ ಹೆಸರು ಹೇಳಿದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾಳೆ. ಆ ಮನೆಯಲ್ಲಿ ಉಂಡು ಮಲಗಿದವರು ಒಬ್ಬರೇ.

ನಿನ್ನ ಅಮ್ಮನನ್ನು ಕೇಳು.

ಕೇಳುವುದು ಕಷ್ಟ ಎಂದು ಬಲ್ಲೆ. ಕಣ್ಣಿನ ಆಪರೇಷನ್ನಿಗೆ ಬಂದು ಮೂರು ವಾರ ನಮ್ಮಲ್ಲಿದ್ದಾಗ ನಾನು ಯಾರು ಎಂದು ಅವರು ಒಂದು ಸಲವೂ ಕೇಳಲಿಲ್ಲ. ನಾನು ಹಜಾರದ ಸೋಫಾದಲ್ಲಿ ಮಲಗುತ್ತಿದ್ದೆ, ಅವರು ಬೆಳಗ್ಗೆ ಎದ್ದು ನನ್ನ ಹೊದಿಕೆ ಮಡಚಿಡುತ್ತಿದ್ದರು. "ಏನಪ್ಪಾ, ಬೆನ್ನು ನೋವಾ?" ಎಂದಷ್ಟೇ ಕೇಳುತ್ತಿದ್ದರು.

ಇಲ್ಲಿ ದಿನಕ್ಕೆ ಆರೇಳು ಮನೆಯ ಫ್ರಿಡ್ಜು ರಿಪೇರಿ ಮಾಡುತ್ತೇನೆ. ಬಾಗಿಲು ತೆಗೆದರೆ ಸಾಕು, ಆ ಮನೆಯಲ್ಲಿ ಎಷ್ಟು ಜನ, ಯಾರಿಗೆ ಯಾರ ಮೇಲೆ ಪ್ರೀತಿ ಎಲ್ಲ ತಿಳಿಯುತ್ತದೆ. ಆ ಸಾಹೇಬರು ನಮ್ಮ ಫ್ರಿಡ್ಜನ್ನು ಒಂದು ಸಲ ನೋಡಿದ್ದರೆ ಸಾಕಾಗಿತ್ತು.

ನಿನ್ನ
ಅಯಾದ್


ಅಲೆಕ್ಸಾಂಡ್ರಿಯಾ
18 ಡಿಸೆಂಬರ್ 2022

ಅಮ್ಮಾ,

ಫೋನ್ ಮಾಡಿದರೆ ಮಾಗಿದ್ ಎತ್ತುತ್ತಾನೆ, ನನ್ನ ದನಿ ಕೇಳಿದ ಕೂಡಲೇ ಇಡುತ್ತಾನೆ. ತಮ್ಮನಾಗಿ ಹುಟ್ಟಿ ಅಜ್ಜನಂತೆ ಆಡುತ್ತಾನೆ. ಅದಕ್ಕೇ ಈ ಕಾಗದವನ್ನು ನೀನು ಕಳಿಸುವ ಊಟದ ಬುಟ್ಟಿ ತರುವ ವ್ಯಾನಿನ ಅಬ್ದುಹುವಿನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡು ಎಂದು ಹೇಳಿದ್ದೇನೆ.

ಇಷ್ಟು ವರ್ಷ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಅಯಾದ್ ನನ್ನ ಮನೆಯ ಮಾಲೀಕನಲ್ಲ, ಬಾಡಿಗೆದಾರನಲ್ಲ, ಗೆಳತಿಯ ಅಣ್ಣನೂ ಅಲ್ಲ. ನಾನು ಅವನ ಜೊತೆ ಬಾಳಿದೆ. ನಿನಗೆ ಗೊತ್ತಿತ್ತು ಎಂದು ನನಗೆ ಗೊತ್ತು. ಗೊತ್ತಿಲ್ಲದಿದ್ದರೆ ಪ್ರತಿ ಬುಟ್ಟಿಯಲ್ಲೂ ಅಕ್ಕಿ ತುಂಬಿದ ಎರಡು ಪಾರಿವಾಳ ಯಾಕೆ ಬರುತ್ತಿದ್ದವು? ಒಬ್ಬಳೇ ಹೆಣ್ಣಿಗೆ ಯಾವ ತಾಯಿ ಎರಡು ಪಾರಿವಾಳ ಕಳಿಸುತ್ತಾಳೆ? ಮದುವೆಯ ದಿನ ಮದುಮಕ್ಕಳ ಕೋಣೆಗೆ ಹೆಣ್ಣಿನ ತಾಯಿ ಕಳಿಸುವ ಊಟ ಅದು. ನೀನು ಒಂಬತ್ತು ವರ್ಷ ಕಳಿಸಿದೆ.

ನನ್ನ ಅರ್ಜಿ ತಿರಸ್ಕಾರವಾಗಿದೆ. ನಿನಗೆ ನಂಬಿಕೆ ಬರಲೆಂದು ಆ ಪತ್ರದ ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ. ನಮ್ಮನ್ನು ಕಂಡವರು ಒಬ್ಬರು ಸಾಕ್ಷಿ ಹೇಳಬೇಕು. ವಕೀಲೆ ಹೇಳಿದಂತೆ ಇಷ್ಟು ಬರೆದರೆ ಸಾಕು: 'ನನ್ನ ಮಗಳು ಮತ್ತು ಅಯಾದ್ ಮದುವೆಯಾಗದೆ ಒಂದೇ ಮನೆಯಲ್ಲಿ ಗಂಡಹೆಂಡಿರಂತೆ ಬಾಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.' ನೋಂದಣಿ ಕಚೇರಿಯ ಗುಮಾಸ್ತರ ಮುಂದೆ ಸಹಿ ಮಾಡಿ, ಮೊಹರು ಹಾಕಿಸಿ ನನಗೆ ಕಳಿಸು. ನಾನು ವಕೀಲೆಗೆ ತಲುಪಿಸುತ್ತೇನೆ.

ನೀನು ಬರೆದುಕೊಡದಿದ್ದರೆ ನಾನು ಅವನ ಬಳಿಗೆ ಹೋಗುವ ದಾರಿ ಮುಚ್ಚಿದ ಹಾಗೆ. ನನಗೀಗ ಮೂವತ್ತೊಂಬತ್ತು, ಅಮ್ಮಾ.

ನಿನ್ನ ಮಗಳು
ದಮ್ಯಾನ


ಮಿನ್ಯಾ
ತೂಬಾ ತಿಂಗಳ ಏಳು (15 ಜನವರಿ 2023)

ಮಗಳೇ ದಮ್ಯಾನ,

ಕಾಗದ ಸೇರಿತು. ಮೂವತ್ತು ವರ್ಷ ಎರಡನೇ ಕ್ಲಾಸಿಗೆ ಅಕ್ಷರ ಕಲಿಸಿದವಳ ಮಗಳ ಕೈಬರಹ ನೋಡಿದರೆ ಕೋಳಿ ಕೆದರಿದ ಹಾಗಿದೆ.

ಹಬ್ಬ ಕಳೆಯಲಿ ಎಂದು ಕಾದೆ. ಕ್ರಿಸ್ತ ಹುಟ್ಟಿದ ದಿನ ಇಂಥದ್ದಕ್ಕೆ ಉತ್ತರ ಬರೆಯಲು ಕೈ ಬರಲಿಲ್ಲ. ಅಲ್ಲವೇ, ನಿನಗೆ ಬುದ್ಧಿ ಎಲ್ಲಿ ಹೋಯಿತು? ನನ್ನ ಮಗಳು ಮದುವೆಯಾಗದೆ ಗಂಡಸಿನ ಜೊತೆ ಬಾಳಿದಳು ಎಂದು ನಾನು ಸರ್ಕಾರದ ಮೊಹರಿನ ಕೆಳಗೆ ಬರೆಯಬೇಕೇ? ಹೆತ್ತ ಹೊಟ್ಟೆಗೆ ಹೇಳುವ ಮಾತೇ ಇದು? ಇಲ್ಲಿನ ನೋಂದಣಿ ಕಚೇರಿಯಲ್ಲಿ ಕೂತಿರುವವನು ನಮ್ಮ ಚರ್ಚಿನ ನೂಶಿಯ ಅಳಿಯ. ಮೊಹರಿನ ಮಸಿ ಒಣಗುವ ಮೊದಲು ಆ ಕಾಗದ ಊರೆಲ್ಲ ಓದಿರುತ್ತದೆ. ಮಾಗಿದ್‌ನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಇದು ಗೊತ್ತಾದರೆ ಆ ಹುಡುಗಿಯನ್ನು ಯಾರು ಕೇಳುತ್ತಾರೆ?

ಅದೂ ಹೋಗಲಿ. ವಸ್ಫಿಗೆ ಗೊತ್ತಾದರೆ? ನೀನು ಇನ್ನೂ ಅವನ ಹೆಂಡತಿ. ಅವನು ಆ ಕಾಗದ ಹಿಡಿದು ಪೊಲೀಸರ ಬಳಿ ಹೋದರೆ ನಿನ್ನನ್ನು ಜೈಲಿಗೆ ಹಾಕುತ್ತಾರೆ, ನಿನ್ನ ತಾಯಿಯೇ ಸಾಕ್ಷಿ. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಕೊರಳಿಗೆ ಬೀಳುತ್ತದೆ.

ನನಗೆ ಗೊತ್ತಿತ್ತೇ ಎಂದು ಕೇಳಿದ್ದೀಯೆ. ಗೊತ್ತಿರುವುದು ಬೇರೆ, ಹೇಳುವುದು ಬೇರೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ಇಷ್ಟು ವರ್ಷ ಇದ್ದೆ, ಉಗುಳಲಿಲ್ಲ, ನುಂಗಲಿಲ್ಲ. ಅದು ನಿನಗಾಗಿಯೇ. ಈಗ ಉಗುಳು ಎನ್ನುತ್ತೀಯೆ. ಆಗುವುದಿಲ್ಲ. ಮತ್ತೆ ಕೇಳಬೇಡ.

ಬುಟ್ಟಿಯಲ್ಲಿ ಬಿಸಿಲಲ್ಲಿ ಉಬ್ಬಿಸಿದ ರೊಟ್ಟಿ ಹತ್ತು, ಒಂದು ಜಾಡಿ ಹಳೇ ಚೀಸು, ಪಾರಿವಾಳ ಎರಡು ಇವೆ. ಅವನು ಹೋಗಿ ಎರಡು ವರ್ಷ ಆಯಿತು ಎಂದು ಗೊತ್ತು. ಹಾಳು ಕೈ, ಎರಡೇ ಹಿಡಿಯುತ್ತದೆ.

ನಿನ್ನ ತಾಯಿ
ಅವಾತಿಫ್


ಅಲೆಕ್ಸಾಂಡ್ರಿಯಾ
2 ಫೆಬ್ರವರಿ 2023

ಅಮ್ಮಾ,

ಮತ್ತೆ ಕೇಳಬೇಡ ಎಂದೆ. ಕೇಳುವುದಿಲ್ಲ. ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ.

ವಸ್ಫಿ ನನ್ನ ಕೈ ಮುರಿದ ದಿನ ನಾನು ನಿನ್ನ ಬಳಿಗೇ ಓಡಿ ಬಂದೆ. ನೀನು ಕೈಗೆ ಬಟ್ಟೆ ಕಟ್ಟಿ, ಅಕ್ಕಪಕ್ಕದವರಿಗೆ "ಮೆಟ್ಟಿಲಿಂದ ಜಾರಿಬಿದ್ಳು" ಎಂದೆ. ಅವತ್ತೂ ನಿನಗೆ ಗೊತ್ತಿತ್ತು, ಅವತ್ತೂ ನೀನು ಹೇಳಲಿಲ್ಲ. ಅದೂ ನನಗಾಗಿಯೇ ಎಂದುಕೊಂಡೆ. ಇಂದು ಆ ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಕ್ಷಮಿಸು.

ನಿನ್ನ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಔಷಧಿ ಬಿಟ್ಟವನು ಯಾರು? ನನ್ನ ಕೈ ನಡುಗುತ್ತದೆಂದು ಅವನೇ ಬಿಟ್ಟ. ಪಟ್ಟಿ ಕಟ್ಟಿಕೊಂಡು ನೀನು ಕೂತಿದ್ದಾಗ ಪ್ರತಿದಿನ ಕೀರ್ತನೆ ಓದಿ ಹೇಳಿದವನು ಯಾರು? "ಈ ಹುಡುಗನ ಓದು ನಮ್ಮ ಅಬೂನಾಗಿಂತ ಚೆನ್ನಾಗಿದೆ" ಎಂದು ನೀನೇ ಹೇಳಿದೆ. ಚರ್ಚಿನ ಪಾದ್ರಿಗಿಂತ ಚೆನ್ನಾಗಿ ಓದುವವನು ನಿನ್ನ ಕಾಗದದಲ್ಲಿ ಮಾತ್ರ ಹೆಸರಿಲ್ಲದ 'ಅವನು'.

ಇನ್ನು ಬುಟ್ಟಿ ಕಳಿಸಬೇಡ. ಎರಡನೆಯದನ್ನು ತಿನ್ನಲು ಇಲ್ಲಿ ಯಾರೂ ಇಲ್ಲ. ಬಶೀರ್ ಚಿಕ್ಕಪ್ಪನಿಗೆ ಕೊಟ್ಟರೆ "ಅಣ್ಣನಿಗೆ ಇಟ್ಟಿರಿ ತಾಯಿ" ಎನ್ನುತ್ತಾನೆ.

ದಮ್ಯಾನ


ಮೆಲ್ಬರ್ನ್
26 ಫೆಬ್ರವರಿ 2023

ದಮ್ಯಾನ,

ನಿನ್ನ ಅಮ್ಮನನ್ನು ಬೈಯಬೇಡ. ನಾವು ಕೇಳಿದ್ದೇ ಹೆಚ್ಚಾಯಿತೇನೋ.

ಇಲ್ಲಿ ನಮ್ಮವರ ಚರ್ಚಿದೆ, ಭಾನುವಾರ ಹೋಗುತ್ತೇನೆ. ಪ್ರಾರ್ಥನೆಗಲ್ಲ, ಆಮೇಲೆ ಸಿಗುವ ಬೀನ್ಸು, ರೊಟ್ಟಿಗಾಗಿ, ನಾಲ್ಕು ಜನ ನಮ್ಮ ಭಾಷೆ ಮಾತಾಡುವುದನ್ನು ಕೇಳುವುದಕ್ಕಾಗಿ. ಹೋದ ವಾರ ಅಬೂನಾ ನನ್ನನ್ನು ಬದಿಗೆ ಕರೆದರು. "ಏನಪ್ಪಾ ಅಯಾದ್, ಎಷ್ಟು ದಿನ ಅಂತ ಒಂಟಿಯಾಗಿರ್ತೀಯಾ? ತಾಂತಾ ಕಡೆಯ ಒಳ್ಳೇ ಮನೆತನದ ಹುಡುಗಿ ಇದಾಳೆ, ಒಂದ್ಸಲ ನೋಡು" ಎಂದರು. ನನಗೆ ನಗು ಬಂತು. ಎರಡು ವರ್ಷದ ಹಿಂದೆ ಒಂದು ಅರ್ಜಿಯಲ್ಲಿ ಒಂಟಿ ಎಂದು ಬರೆದೆ ನೋಡು, ಎಲ್ಲರೂ ನಂಬಿದ್ದಾರೆ.

ನಾನು 'ಇಲ್ಲ' ಎಂದೆ, ಅಷ್ಟೇ. ಯಾಕೆ ಎಂದು ಹೇಳಲು ಬಾಯಿ ತೆರೆದೆ, ಹಳೆಯ ಅಭ್ಯಾಸ, ಮುಚ್ಚಿಕೊಂಡಿತು.

ವಕೀಲೆ ಮಾರ್ಚ್ ಕೊನೆ, ಮಾರ್ಚ್ ಕೊನೆ ಎನ್ನುತ್ತಿದ್ದಾಳೆ.

ಅಯಾದ್


ಮಿನ್ಯಾ
ಬರಮ್ಹಾತ್ ತಿಂಗಳ ಒಂಬತ್ತು (18 ಮಾರ್ಚ್ 2023)

ಮಗಳೇ ದಮ್ಯಾನ,

ಕೂತುಕೊಂಡು ಓದು. ನೀನು ಕೇಳಿದ ಕೆಲಸ ಆಯಿತು.

ಹೇಗಾಯಿತು ಎಂದು ಹೇಳುತ್ತೇನೆ. ಉಪವಾಸದ ಮೊದಲ ಭಾನುವಾರ ಚರ್ಚಿಗೆ ಹೋಗಿದ್ದೆ. ಗಂಡಸರ ಸಾಲಿನಲ್ಲಿ ವಸ್ಫಿ ಇದ್ದ. ಹೊಸ ಅಂಗಿ, ತಲೆಗೆ ಎಣ್ಣೆ. ಅಬೂನಾ ಅವನಿಗೆ ಪ್ರಸಾದ ಕೊಟ್ಟರು, ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ನಾನು ಆ ಕೈಗಳನ್ನೇ ನೋಡಿದೆ. ಆಪರೇಷನ್ ಆದ ಕಣ್ಣು, ಬೆರಳಿನ ಉಗುರು ಕೂಡ ಕಾಣಿಸುತ್ತದೆ. ನನ್ನ ಮಗಳ ಮೂಳೆ ಮುರಿದ ಕೈಗೆ ಕೊಡುವುದನ್ನು ನನ್ನ ಮಗಳಿಗೆ ಕೊಡುವುದಿಲ್ಲವಲ್ಲ ಸ್ವಾಮೀ ಎಂದುಕೊಂಡೆ. ನಾನು ಪ್ರಸಾದ ತೆಗೆದುಕೊಳ್ಳದೆ ಮನೆಗೆ ಬಂದೆ. ಹುಟ್ಟಿದಂದಿನಿಂದ ಹಾಗೆ ಬಂದವಳಲ್ಲ.

ಇಲ್ಲಿನ ಕಚೇರಿ ಬೇಡವೆಂದು ಪಕ್ಕದ ಊರು ಮಲ್ಲವಿಗೆ ಹೋದೆ. ಅಲ್ಲಿ ನನ್ನ ಗುರುತಿನವರು ಇಲ್ಲ. ನೀನು ಬರೆದುಕೊಟ್ಟಿದ್ದ ವಾಕ್ಯವನ್ನೇ ಚೆಂದವಾಗಿ ಬರೆದುಕೊಂಡು ಹೋಗಿದ್ದೆ. ಕಿಟಕಿಯ ಮುಂದೆ, ನನ್ನ ಹಿಂದೆ ಜನ ಕಿಕ್ಕಿರಿದಿದ್ದರು. ಗುಮಾಸ್ತ ನನ್ನ ಮಾಗಿದ್‌ಗಿಂತ ಚಿಕ್ಕವನು. ಕಾಗದ ತೆಗೆದುಕೊಂಡು ದೊಡ್ಡ ದನಿಯಲ್ಲಿ ಓದತೊಡಗಿದ.

"ನನ್ನ ಮಗಳು... ಮದುವೆಯಾಗದೆ..." ಎಂದು ನಿಲ್ಲಿಸಿದ. ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದ. "ಇದೇನಮ್ಮಾ ಇದು? ಈ ಗಂಡಸು ನಿಮ್ಮ ಮಗಳಿಗೆ ಏನಾಗಬೇಕು?"

ಹಿಂದೆ ನಿಂತಿದ್ದವರಲ್ಲಿ ಒಬ್ಬಳು ಮಗುವಿನ ಬಾಯಿಗೆ ಕೈ ಇಟ್ಟು ಸುಮ್ಮನಾಗಿಸಿದಳು, ಉತ್ತರ ಕೇಳಲಿಕ್ಕೆ.

ನಾನು ಆ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು ಹರಿದೆ. "ಇನ್ನೊಂದು ಹಾಳೆ ಕೊಡಪ್ಪಾ. ಮುದುಕಿ, ತಪ್ಪು ಬರೆದ್ಬಿಟ್ಟಿದೀನಿ" ಎಂದೆ. ಅಲ್ಲೇ ಬೆಂಚಿನ ಮೇಲೆ ಕೂತು ಹೊಸದಾಗಿ ಬರೆದೆ. ಇದು ಮೊದಲಿನದಕ್ಕಿಂತ ನೂರು ಪಾಲು ಮೇಲು. ಒಂದು ಪುಟ ಪೂರ್ತಿ ಬರೆದಿದ್ದೇನೆ. ಗುಮಾಸ್ತ ಓದಿ, "ಹಿಂಗೆ ಹೇಳಿ ಮತ್ತೆ! ದೇವರು ಒಳ್ಳೇದು ಮಾಡ್ಲಿ" ಎಂದು ಎರಡು ಮೊಹರು ಗುದ್ದಿದ. ಹಿಂದೆ ನಿಂತವಳು ಬಾಯಿಗೆ ಬೆರಳಿಟ್ಟು ಸಿಳ್ಳಿನಂತೆ ಹರ್ಷದ ಕೂಗು ಹಾಕಿದಳು!

ಏನು ಬರೆದೆ ಎಂದು ಕೇಳಬೇಡ. ನಿನ್ನ ಹೆಸರಿಗೆ ಮಸಿ ಹತ್ತದ ಹಾಗೆ, ವಸ್ಫಿ ಅಲ್ಲ ಅವನಪ್ಪ ಬಂದರೂ ಏನೂ ಮಾಡಲಾಗದ ಹಾಗೆ ಬರೆದಿದ್ದೇನೆ. ನಿನಗೂ ಕಳಿಸಲಿಲ್ಲ, ನಿನ್ನ ವಕೀಲೆಗೂ ಕಳಿಸಲಿಲ್ಲ. ದೊರೆ ಕೊಟ್ಟರೂ ನಡುವಿನವರು ಕೊಡರು. ನೀನು ಕಳಿಸಿದ್ದ ತಿರಸ್ಕಾರದ ಪತ್ರದ ತಲೆಯ ಮೇಲೆ ಆ ಕಚೇರಿಯ ವಿಳಾಸವಿತ್ತು, ಅರ್ಜಿಯ ನಂಬರಿತ್ತು. ನೇರವಾಗಿ ಅವರಿಗೇ ಕೊರಿಯರ್ ಮಾಡಿದೆ. ತಾಯಿಯ ಮಾತನ್ನು ನಡುವೆ ಯಾರೂ ತಿದ್ದುವುದು ಬೇಡ.

ಮಾಗಿದ್‌ಗೂ ಹೇಳಿಬಿಟ್ಟೆ, ಮಲ್ಲವಿಯಲ್ಲಿ ಬರೆದದ್ದನ್ನೇ ಹೇಳಿದೆ. ಅವನು ತಟ್ಟೆ ಎತ್ತಿ ಗೋಡೆಗೆ ಎಸೆದ. ಈಗ ನನಗೂ ಅವನಿಗೂ ಒಲೆ ಬೇರೆ. ಸೊಸೆ ಮೆಟ್ಟಿಲಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾಳೆ. ಇರಲಿ ಬಿಡು. ಬೇಳೆ ಬೇಯಿಸಿಕೊಳ್ಳಲು ನನಗೆ ಯಾರ ಹಂಗು? ನಿನ್ನ ಕೈ ಮುರಿದ ಮೇಲಿನ ಹದಿನೈದು ವರ್ಷದಲ್ಲಿ ಮೊದಲ ಸಲ ಗಂಟಲು ಹಗುರವಾಗಿದೆ, ಮಗಳೇ.

ಅಯಾದ್‌ಗೆ ನನ್ನ ಆಶೀರ್ವಾದ ಬರೆ. ನೋಡು, ಹೆಸರು ಬರೆದಿದ್ದೇನೆ.

ನಿನ್ನ ತಾಯಿ
ಅವಾತಿಫ್


ಮೆಲ್ಬರ್ನ್
25 ಜೂನ್ 2023

ದಮ್ಯಾನ,

ಸೋತೆವು ಎಂದು ಫೋನಿನಲ್ಲಿ ಹೇಳಿದೆ. ಯಾಕೆ ಸೋತೆವು ಎಂದು ನೀನು ಕೇಳುತ್ತಲೇ ಇದ್ದೆ, ನನಗೆ ಬಾಯಿ ಬರಲಿಲ್ಲ. ಬರೆಯುತ್ತೇನೆ.

ನಿನ್ನ ಅಮ್ಮನ ಸಾಕ್ಷಿ ಪತ್ರ ಕಡತದಲ್ಲಿದೆ. ಪ್ರತಿ ಕೊಡಿ ಎಂದು ವಕೀಲೆ ಆಗಲೇ ಕೇಳಿದ್ದರೂ, ಅದನ್ನು ನೋಡಿದ್ದೇ ತೀರ್ಪು ಬಂದ ಮೇಲೆ. ಅದರ ಒಂದು ಪ್ರತಿ ನನಗೂ ಕೊಟ್ಟಳು. ಅವರ ಅಕ್ಷರ ಎಷ್ಟು ಚೆಂದ, ಮುತ್ತು ಪೋಣಿಸಿದ ಹಾಗೆ. ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ:

'ನಾನು ಅವಾತಿಫ್, ದಮ್ಯಾನಳ ತಾಯಿ, ದೇವರ ಮುಂದೆ ಹೇಳುವ ಮಾತು. ನನ್ನ ಮಗಳಿಗೂ ಅಯಾದ್‌ಗೂ 2018ರ ಬರಮೂದಾ ತಿಂಗಳ ಹದಿನೇಳರಂದು (25 ಏಪ್ರಿಲ್), ಅಲೆಕ್ಸಾಂಡ್ರಿಯಾದ ಅವರ ಮನೆಯಲ್ಲಿ, ನನ್ನ ಕಣ್ಣೆದುರಿಗೆ ಮದುವೆಯಾಯಿತು. ನನ್ನ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅದು, ನನ್ನ ಹೊಸ ಕಣ್ಣು ಮೊದಲು ಕಂಡದ್ದು ಅದನ್ನೇ. ಪಾದ್ರಿ ಬಂದಿದ್ದರು. ಇಬ್ಬರ ತಲೆಗೂ ಕಿರೀಟ ಇಟ್ಟರು, ಹಣೆಗೆ ಎಣ್ಣೆ ಹಚ್ಚಿದರು. ಕೀರ್ತನೆ ಹಾಡಿದರು. ನಾನು ನನ್ನ ಎರಡು ಚಿನ್ನದ ಬಳೆ ತೆಗೆದು ಮಗಳ ಕೈಗೆ ಹಾಕಿದೆ. ಸಕ್ಕರೆ ಹಚ್ಚಿದ ಬಾದಾಮಿ ಹಂಚಿದೆವು. ಅಡುಗೆ ನಾನೇ ಮಾಡಿದೆ, ಮದುಮಕ್ಕಳಿಗೆ ಎರಡು ಪಾರಿವಾಳ. ಅಳಿಯ ನನ್ನ ಕೈಗೆ ಮುತ್ತಿಟ್ಟು ಅಮ್ಮಾ ಎಂದ. ಅವನು ನನ್ನ ಮಗಳ ಗಂಡ. ಇದಕ್ಕೆ ನಾನೇ ಸಾಕ್ಷಿ.'

ದಮ್ಯಾನ, ಪಟ್ಟಿ ಬಿಚ್ಚಿದ ದಿನ ಅಲ್ಲಿ ಯಾವ ಪಾದ್ರಿಯೂ ಇರಲಿಲ್ಲ. ನಾನು ಔಷಧಿಯ ಸೀಸೆ ಹಿಡಿದು ನಿಂತಿದ್ದೆ. ನೀನು ಅಮ್ಮನಿಗೆ ಕಾಣುವುದಿಲ್ಲ ಎಂದುಕೊಂಡು ನನ್ನ ಭುಜಕ್ಕೆ ತಲೆ ಆನಿಸಿದ್ದೆ. ಅಷ್ಟೇ. ಅವರು ಕಣ್ಣು ತೆರೆದು ನಮ್ಮನ್ನು ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿ, "ಬೆಳಕು ಜಾಸ್ತಿ ಕಣ್ರೋ" ಎಂದರು.

ತೀರ್ಪಿನಲ್ಲಿ ಹೀಗಿದೆ: ಅರ್ಜಿದಾರಳು ಮದುವೆಯಾಗದ ಜೊತೆಗಾರ್ತಿ ಎಂದು ಅರ್ಜಿ ಕೊಟ್ಟಿದ್ದಾಳೆ. ಕಟ್ಟಡದ ಕಾವಲುಗಾರ ಇವರು ಅಣ್ಣ-ತಂಗಿ ಎನ್ನುತ್ತಾನೆ. ತಾಯಿ ಪ್ರಮಾಣ ಮಾಡಿ ಇವರು ಗಂಡಹೆಂಡಿರು ಎನ್ನುತ್ತಾಳೆ. ಸರ್ಕಾರದ ದಾಖಲೆಯಲ್ಲಿ ಈಕೆ ಇನ್ನೊಬ್ಬನ ಹೆಂಡತಿ. ಆದ್ದರಿಂದ ತಾಯಿಯದು ಅರ್ಜಿಯ ಪರವಾಗಿ ಕೊಟ್ಟ ಸುಳ್ಳು ದಾಖಲೆ. ಸುಳ್ಳು ದಾಖಲೆಗೆ ಶಿಕ್ಷೆ, ಇನ್ನು ಮೂರು ವರ್ಷ ನೀನು ಯಾವ ಅರ್ಜಿಯನ್ನೂ ಹಾಕುವಂತಿಲ್ಲ. ಆಮೇಲೆ ಹಾಕಿದರೂ ಈ ಕಡತ ಮೊದಲು ತೆರೆಯುತ್ತದೆ.

ವಕೀಲೆ ಅತ್ತಳು. ಅದು ನನ್ನ ಕೈಗೆ ಮೊದಲು ಬಂದಿದ್ದರೆ, ನನ್ನ ಕೈಗೆ ಬಂದಿದ್ದರೆ ಎಂದು ಹೇಳುತ್ತಲೇ ಇದ್ದಳು. ಅಮ್ಮನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲೇ ಇಲ್ಲ. ನನ್ನನ್ನು ಅಳಿಯ ಎಂದು ಬರೆದವರು ಈ ಭೂಮಿಯ ಮೇಲೆ ಅವರೊಬ್ಬರೇ.

ವಾಪಸ್ಸು ಬರುತ್ತೇನೆ ಎಂದರೆ ಫೋನಿನಲ್ಲಿ ನೀನು ಬೇಡ ಎಂದೆ. ಬಂದರೆ ಮತ್ತೆ ಅಣ್ಣ-ತಂಗಿ ಆಗಬೇಕು, ನನ್ನಿಂದಾಗದು ಎಂದೂ ನೀನೇ ಹೇಳಿದೆ. ಸರಿ. ಮೂರು ವರ್ಷ ಕಾಯಿ ಎನ್ನಲು ನನಗೆ ಮುಖವಿಲ್ಲ. ಕಾಯುತ್ತೇನೆ ಎಂದು ನಾನು ಹೇಳಿದರೂ ನೀನು ನಂಬಬಾರದು, ನಾನೇ ನಂಬುತ್ತಿಲ್ಲ.

ಈ ಕಾಗದಗಳನ್ನು ಇನ್ನು ಯಾವ ಸಾಹೇಬರಿಗೂ ತೋರಿಸಬೇಕಾಗಿಲ್ಲ. ಹಾಗಾಗಿಯೋ ಏನೋ, ಮುಂದೆ ಏನು ಬರೆಯಬೇಕೆಂದು ತೋಚುತ್ತಿಲ್ಲ.

ಅಯಾದ್


ಅಲೆಕ್ಸಾಂಡ್ರಿಯಾ
21 ಜುಲೈ 2023

ಅಮ್ಮಾ,

ಅಬ್ದುಹು ಬಂದಾಗಲೆಲ್ಲ "ಅಮ್ಮ ಕೇಳ್ತಾರೆ, ಏನಾಯ್ತಂತೆ, ಏನಾಯ್ತಂತೆ" ಎಂದು ನನ್ನ ಜೀವ ತಿನ್ನುತ್ತಾನೆ. ಕೇಳು.

ನಿನ್ನ ಕಾಗದ ಮುಟ್ಟಿದೆ. ಅಲ್ಲಿನ ದೊಡ್ಡ ಸಾಹೇಬರೇ ಓದಿದರಂತೆ. ತೀರ್ಪಿನಲ್ಲಿ ನಿನ್ನ ಹೆಸರು ಹಾಕಿ, ತಾಯಿ ಹೀಗೆ ಪ್ರಮಾಣ ಮಾಡಿ ಹೇಳಿದ್ದಾಳೆ ಎಂದು ಬರೆದಿದ್ದಾರೆ. ಇಷ್ಟು ಚೆಂದದ ಅಕ್ಷರ ಅವರು ನೋಡಿಯೇ ಇರಲಿಲ್ಲವಂತೆ. ನನ್ನ ಸರದಿ ಬರುವುದಕ್ಕೆ ಮಾತ್ರ ಇನ್ನು ಮೂರು ವರ್ಷ ಹಿಡಿಯುತ್ತದೆ. ಅದು ಅಲ್ಲಿಯ ಕಾನೂನು, ಯಾರ ತಪ್ಪೂ ಅಲ್ಲ. ಮಾಗಿದ್ ಏನಾದರೂ ಅಂದರೆ ಹಾಗೇ ಹೇಳು.

ಅಯಾದ್ ನೀನು ಬರೆದದ್ದನ್ನು ಪೂರ್ತಿ ಇಳಿಸಿ ಕಳಿಸಿದ. ಅಳಿಯ ಎಂಬಲ್ಲಿ ಅವನ ಪೆನ್ನು ನಿಂತಿರಬೇಕು, ಮಸಿ ಹರಡಿದೆ.

ಓದಿ ಓದಿ ನನಗೆ ಬಾಯಿಪಾಠ ಆಗಿದೆ. ಹೌದಮ್ಮಾ, ಮದುವೆ ಅವತ್ತೇ ಆಯಿತು. ನೀನು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಎಣ್ಣೆ ಹಚ್ಚಿದ್ದು, ಬಾದಾಮಿ ಹಂಚಿದ್ದು ಎಲ್ಲ ಬರೆದಿದ್ದೀಯೆ. ಒಂದು ಮಾತ್ರ ಬಿಟ್ಟಿದ್ದೀಯೆ, ಮದುಮಗಳು ಏನು ಉಟ್ಟಿದ್ದಳು ಎಂದು. ಅದನ್ನು ಯಾವ ತಾಯಿಯಾದರೂ ಮರೆಯುತ್ತಾಳಾ? ನಾನು ಹೇಳುತ್ತೇನೆ. ಆ ಹಸಿರು ಮನೆಯಂಗಿ, ಎದೆಯ ಹತ್ತಿರ ಬ್ಲೀಚು ಬಿದ್ದು ಬಿಳಿ ಮಚ್ಚೆಯಾದದ್ದು. ಈಗಲೂ ಇದೆ. ಇವತ್ತು ಅದನ್ನೇ ಹಾಕಿಕೊಂಡು ಈ ಕಾಗದ ಬರೆಯುತ್ತಿದ್ದೇನೆ.

ಬುಟ್ಟಿ ಕಳಿಸಬೇಡ ಎಂದಿದ್ದೆ. ಸಿಟ್ಟಿನಲ್ಲಿ ಅಂದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಾಂಸ ಮುಟ್ಟದ ಅಪೊಸ್ತಲರ ಉಪವಾಸ ಮುಗಿಯಿತಲ್ಲ, ಕಳಿಸು. ಪಾರಿವಾಳ ಎಂದಿನ ಹಾಗೆ ಎರಡು ಇರಲಿ. ಎರಡನ್ನೂ ತಿನ್ನುತ್ತೇನೆ.

ನಿನ್ನ ಮಗಳು
ದಮ್ಯಾನ